ಹರಗೋಲಿನ ಎದುರಿನ ಜಾಗ

ದೊಡ್ಡ ಹರಗೋಲಿನಲ್ಲಿ ಒಬ್ಬನೇ ಕೂತು ಹುಟ್ಟು ಹಾಕಿದರೆ ಅದು ಮುಂದೆ ಹೋಗುವುದಿಲ್ಲ, ಇದ್ದಲ್ಲೇ ಗರಗರ ತಿರುಗುತ್ತದೆ. ಅಂಬಿಗ ಈ ಅಂಚಿಗೆ ಕೂತ ಕೂಡಲೇ ಆ ಅಂಚು ಮೇಲೇಳುತ್ತದೆ, ಗಾಳಿ ಅದನ್ನೇ ಹಿಡಿದು ಆಟವಾಡಿಸುತ್ತದೆ. ಅದಕ್ಕೇ ಎದುರಿಗೆ ತೂಕ ಬೇಕು. ಸಾಬಣ್ಣನ ಎದುರಿಗೆ ಮೂವತ್ತೆಂಟು ವರ್ಷ ತೂಕವಾಗಿ ಕೂತವಳು ಅವನ ಹೆಂಡತಿ ಮೋನಮ್ಮ.

ಮೋನಮ್ಮ ತೂಕದ ಹೆಂಗಸೇ ಸರಿ, ಮಾತಿನಲ್ಲಿ ಅದಕ್ಕಿಂತ ಒಂದು ಕೈ ಹೆಚ್ಚು. ಸುರಪುರದ ಕಡೆಯ ದಂಡೆಯಿಂದ ಹತ್ತಿದವರು ಆಚೆ ದಂಡೆ ಮುಟ್ಟುವಷ್ಟರಲ್ಲಿ ಅವರ ಮನೆಯ ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಸೊಸೆ ಯಾಕೆ ತವರಿಗೆ ಹೋದಳು, ಹೊಲದ ತಕರಾರು ಯಾವ ಕೋರ್ಟಿನಲ್ಲಿದೆ, ಎಲ್ಲ ಅವಳ ಸೆರಗಿನಲ್ಲಿ ಗಂಟುಬೀಳುತ್ತಿತ್ತು. ಸಾಬಣ್ಣ ಮಾತಿನ ಮನುಷ್ಯನಲ್ಲ. ಕಟ್ಟೆಯ ಮೇಲೆ ಕೂಡಿಸಿದರೆ ಮೂಕ. ಹುಟ್ಟು ಕೈಗೆ ಬಂದು, ಎದುರಿಗೆ ಅವಳು ಕೂತರೆ ಮಾತ್ರ ಅವನ ಬಾಯಿ ಬಿಚ್ಚುತ್ತಿತ್ತು. ಮಕ್ಕಳಾಗಲಿಲ್ಲ. ಆ ಮಾತನ್ನೂ ಅವರಿಬ್ಬರು ಮನೆಯಲ್ಲಿ ಆಡಿದವರಲ್ಲ, ಹೊಳೆಯ ನಡುವೆಯೇ ಆಡಿ ಮುಗಿಸಿದ್ದರು.

ಸೇತುವೆ ಬಂತು. ಜನ ಬಸ್ಸು ಹತ್ತಿದರು. ಆದರೂ ಗಂಡ ಹೆಂಡಿರು ವಾರಕ್ಕೆರಡು ಸಲ ಹರಗೋಲು ಇಳಿಸುವುದು ಬಿಡಲಿಲ್ಲ. ತೊಗಲಿನ ಹರಗೋಲು ಬಹಳ ದಿನ ನೀರು ಕಾಣದಿದ್ದರೆ ಒಣಗಿ ಬಿರಿಯುತ್ತದೆ, ಅದು ನೆಪ. ಬಾರದ ಗಿರಾಕಿಗೆ ಕಾಯದೆ ಇಬ್ಬರೇ ಆಚೆ ದಂಡೆಗೆ ಹೋಗಿ, ರೊಟ್ಟಿ ತಿಂದು, ಹೊಳ್ಳಿ ಬರುತ್ತಿದ್ದರು. ಹಾಗೆ ಮೂರು ವರ್ಷ ನಡೆಯಿತು. ಆಮೇಲೆ ಮೋನಮ್ಮ ಸತ್ತಳು.

ದಿನಕರ್ಮ ಮುಗಿಯುವವರೆಗೆ ಊರು ಬಂದು ಕೂತಿತು, ಅತ್ತಿತು, ಉಂಡಿತು. ಅದರ ಮೇಲೆ ಅವರವರಿಗೆ ಅವರವರ ಹೊಲ, ಅವರವರ ಮನೆ. ಅದರಲ್ಲಿ ತಪ್ಪೇನಿಲ್ಲ ಬಿಡಿ, ಸಾವು ಕಂಡವರೇ ಎಲ್ಲರೂ. ಹರಗೋಲು ದಂಡೆಯ ಮೇಲೆ ಬೋರಲು ಬಿದ್ದಿತ್ತು. ಒಂದು ದಿನ ಸಾಬಣ್ಣ ಅದರ ಅಂಚು ಮುಟ್ಟಿ ನೋಡಿದ, ತೊಗಲು ಸಣ್ಣಗೆ ಬಿರಿಯತೊಡಗಿತ್ತು. ಎಳೆದು ನೀರಿಗಿಳಿಸಿದ. ಹತ್ತಿ ಕೂತ ಕೂಡಲೇ ಅದು ತಿರುಗತೊಡಗಿತು. ಹೊಳೆಯ ಸುಳಿ ಸೆಳವು ಎಲ್ಲ ಬಲ್ಲ ಮನುಷ್ಯ ಸುತ್ತು ಹೊಡೆದೂ ಹೊಡೆದೂ ತಲೆ ತಿರುಗಿ, ಎಲ್ಲೋ ಕೆಳಗಿನ ಪೊದೆಗೆ ಹೋಗಿ ಸಿಕ್ಕಿಕೊಂಡ. ಯಾರೂ ನೋಡಲಿಲ್ಲ. ನೋಡಿದ್ದರೆ ನಕ್ಕಾದರೂ ನಗುತ್ತಿದ್ದರು.

ಮರುದಿನ ಒಂದು ಚಪ್ಪಟೆ ಕರಿಗಲ್ಲು ಉರುಳಿಸಿಕೊಂಡು ಬಂದು, ಹರಗೋಲನ್ನು ಓರೆ ಮಾಡಿ ಒಳಗೆ ಜಾರಿಸಿ, ಮೋನಮ್ಮ ಕೂರುತ್ತಿದ್ದ ಜಾಗಕ್ಕೆ ಸರಿಸಿದ. ಅವಳಷ್ಟು ತೂಕವಿರಲಿಲ್ಲ. ಆದರೂ ಹರಗೋಲು ನೆಟ್ಟಗೆ ಹೋಯಿತು. ನಡುಹೊಳೆಯಲ್ಲಿ ರೂಢಿಯ ಮೇಲೆ ಸಾಬಣ್ಣ ಏನೋ ಹೇಳಲು ಬಾಯಿ ತೆರೆದು, ಕಲ್ಲು ನೋಡಿ ಮುಚ್ಚಿಕೊಂಡ.

ಅವನಿಗೆ ಬೇಕಾಗಿದ್ದು ಬಹಳ ದೊಡ್ಡದೇನಲ್ಲ. ಎದುರಿಗೆ ಒಂದು ಜೀವ ಬಂದು ಕೂರಬೇಕು. ಮೋನಮ್ಮ ಹೇಗೆ ಹೋದಳೆಂದು ಕೇಳಬೇಕು. ಅದನ್ನು ಅವನು ಇನ್ನೂ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಬಂದವರೆಲ್ಲ ಅಳುವ ಗದ್ದಲದಲ್ಲಿ ತಾವೇ ಒಬ್ಬರಿಗೊಬ್ಬರು ಹೇಳಿಕೊಂಡು ಮುಗಿಸಿದ್ದರು. ಹೇಳದೆ ಉಳಿದದ್ದು ಎದೆಯಲ್ಲಿ ಹಾಗೇ ಕೂತಿತ್ತು, ಉಂಡ ಅನ್ನವನ್ನೂ ಇಳಿಯಗೊಡುತ್ತಿರಲಿಲ್ಲ.

ಇಂಥ ಹೊತ್ತಿಗೆ ಪ್ರವೀಣಕುಮಾರ ಬಂದ. ಶಹಾಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಒಳ್ಳೆಯ ಮನುಷ್ಯ, ಆದರೆ ಹಳೆಯದು ಏನು ಕಂಡರೂ ತಲೆ ನಿಲ್ಲದು. ಹಳೇ ಬೀಗ, ಹಳೇ ರೇಡಿಯೋ, ನಿಜಾಮನ ಕಾಲದ ತೂಕದ ಬಟ್ಟು, ಎಲ್ಲ ಮನೆಯಲ್ಲಿ ಪೇರಿಸಿ ಹೆಂಡತಿಯ ಕೈಲಿ ಬೈಸಿಕೊಂಡವನು. ಬೈಕಿನ ಮೇಲೆ ಸೇತುವೆ ದಾಟುತ್ತಿದ್ದವನು ಕೆಳಗೆ ನೋಡಿದ. ತೊಗಲಿನ ಹರಗೋಲು, ಒಂದು ಕಡೆ ಮುದುಕ, ಇನ್ನೊಂದು ಕಡೆ ಕಲ್ಲು. ಬೈಕು ಅಲ್ಲೇ ನಿಲ್ಲಿಸಿ, ಮುಳ್ಳುಕಂಟಿಯಲ್ಲಿ ಜಾರಿ ಬೀಳುತ್ತ ದಂಡೆಗೆ ಇಳಿದು ಬಂದ. ಸಾಬಣ್ಣನಿಗೆ ಎಷ್ಟು ಹಿಗ್ಗಾಯಿತೆಂದರೆ ಹರಗೋಲು ದಂಡೆಗೆ ತಂದು, ಅವನನ್ನು ಕೂರಿಸಲೆಂದು ಕಲ್ಲು ತೆಗೆಯಲು ಆಗಲೇ ಕೈ ಹಾಕಿದ್ದ. ಮಾಸ್ತರ ಬೇಡ ಬೇಡವೆಂದು ತಡೆದು, ಅದು ಇದ್ದರೇ ಫೋಟೋ ಚಂದವೆಂದು ಆ ಕಡೆಯಿಂದ ನಾಲ್ಕು, ಈ ಕಡೆಯಿಂದ ನಾಲ್ಕು ತೆಗೆದ.

"ಅಜ್ಜಾರ, ಎದುರಿಗೆ ಕಲ್ಲು ಯಾಕ ಇಟ್ಟೀರಿ?" ಎಂದು ಕೇಳಿದ.

ಸಾಬಣ್ಣ ನಿಂತಿದ್ದು ದಂಡೆಯ ಮೇಲೆ. ಹುಟ್ಟು ಕೈಯಲ್ಲಿರಲಿಲ್ಲ.

"ಇರಬೇಕ್ರಿ," ಅಂದ. "ಆ ಜಾಗ ಖಾಲಿ ಇರಬಾರದು."

ಅಷ್ಟು ಸಾಕಾಯಿತು. ಆ ಫೋಟೋ ಫೋನಿನಿಂದ ಫೋನಿಗೆ ಹಾರಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಸುತ್ತಾಡಿತು. ತಿಂಗಳೊಳಗೆ 'ಹಳೇ ಹರಗೋಲು ಪ್ರೇಮಿಗಳ ಬಳಗ' ಹುಟ್ಟಿತು. ಹುಟ್ಟಿದಾಗ ಮೂರೇ ಮಂದಿ. ಸಾಬಣ್ಣ, ಮಾಸ್ತರ, ಮತ್ತೆ ರಾಮಸಮುದ್ರದ ಜೈಭೀಮ. ಪಂಚಾಯಿತಿ ಆಫೀಸಿನಲ್ಲಿ ಕ್ಲಾರ್ಕ್. ಅವನ ಮುತ್ತ್ಯಾ ಹೊಳೆಸಾಲಿನ ಹರಗೋಲುಗಳಿಗೆಲ್ಲ ತೊಗಲು ಹೊಲಿದವನು, ಆ ದಬ್ಬಣ ಇವನ ಹತ್ತಿರ ಇನ್ನೂ ಇತ್ತು.

ಆಮೇಲೆ ಬೆಳೆಯಿತು ನೋಡಿ. ಯಾರದೋ ಹಿತ್ತಲಲ್ಲಿ ಕೋಳಿ ಮುಚ್ಚಲು ಬಳಸುತ್ತಿದ್ದ ಹರಗೋಲು ಹೊರಗೆ ಬಂತು. ಇನ್ನೊಬ್ಬರ ಕೊಟ್ಟಿಗೆಯಲ್ಲಿ ಹೊಟ್ಟು ತುಂಬಿಟ್ಟದ್ದು ಸಿಕ್ಕಿತು. ಮುರಿದ ಬಿದಿರು ದಬ್ಬೆ ಬದಲಿಸಿ, ಜೈಭೀಮ ತೊಗಲು ಹೊಲಿದು, ಒಂದೊಂದಾಗಿ ನೀರಿಗೆ ಬಿಟ್ಟರು. ಹನ್ನೊಂದು ಮಂದಿಯಾದರು, ನಲವತ್ತಾದರು, ಎರಡೂವರೆ ವರ್ಷದಲ್ಲಿ ನೂರಾ ಅರವತ್ತು. ಯಾದಗಿರಿ ಶಾಖೆ ಭೀಮಾ ಹೊಳೆಯಲ್ಲಿ, ಶಹಾಪುರ ಶಾಖೆ ಕೆರೆಯಲ್ಲಿ. ಡಾಕ್ಟರು, ಲಾಯರು, ಹತ್ತಿ ಗಿರಣಿಯ ಸಾಹುಕಾರರು, ಎಲ್ಲರ ಮೈಮೇಲೂ ಒಂದೇ ನೀಲಿ ಟೀ ಶರ್ಟು. ತೊಗಲೇ ಆಗಬೇಕೋ ಟಾರ್ಪಾಲಿನ ತಾಡಪತ್ರಿಯೂ ನಡೆಯುತ್ತದೋ ಎಂದು ಜಗಳವಾಡಿ, ತಾಡಪತ್ರಿಯವರನ್ನು ಹೊರಗಿಟ್ಟು, ಆರು ತಿಂಗಳ ಮೇಲೆ ಸುಮ್ಮನೆ ಒಳಗೆ ತೆಗೆದುಕೊಂಡರು. ಕಾರ್ಯದರ್ಶಿಯಾಗಿ ಬಂದವಳು ದಾನೇಶ್ವರಿ, ಯಾದಗಿರಿಯ ಪಿ.ಟಿ. ಟೀಚರ್. ಕೊರಳಲ್ಲಿ ಸದಾ ಸೀಟಿ. ಅವಳು ಬಂದ ಮೇಲೆ ಬಳಗಕ್ಕೆ ನಿಯಮಗಳೂ ಬಂದವು.

ಏಳನೆಯ ನಿಯಮ ಕಲ್ಲಿನದು. ಪ್ರತಿ ಹರಗೋಲಿನಲ್ಲೂ ಅಂಬಿಗನ ಎದುರಿಗೆ ಕಲ್ಲು ಇರತಕ್ಕದ್ದು. ಅದು ಗಂಗಮ್ಮನ ಜಾಗ, ಅಲ್ಲಿ ಯಾರೂ ಕೂರತಕ್ಕದ್ದಲ್ಲ. ಹಿರಿಯರಾದ ಸಾಬಣ್ಣನವರು ಪಾಲಿಸಿಕೊಂಡು ಬಂದ ಸಂಪ್ರದಾಯ. ಮಾಸ್ತರ ಹೀಗೆ ಬರೆದದ್ದು ಸುಳ್ಳು ಹೇಳಬೇಕೆಂದಲ್ಲ. 'ಇರಬೇಕ್ರಿ' ಎಂಬ ಒಂದು ಮಾತು ಅವನ ತಲೆಯಲ್ಲಿ ತಾನೇ ಬೆಳೆದು ಅಷ್ಟಾಗಿತ್ತು. ಜನ ಕಲ್ಲಿಗೆ ಅರಿಶಿಣ ಹಚ್ಚಿದರು, ಬಣ್ಣ ಬಳಿದರು, ಸಾಹುಕಾರನೊಬ್ಬ ಹೊಳಪಿನ ಗ್ರಾನೈಟು ಕೊಯ್ಯಿಸಿಕೊಂಡು ಬಂದ. ಸಣ್ಣ ಹರಗೋಲಿಗೆ ಕಲ್ಲು ಬೇಕಾಗಿಯೇ ಇರಲಿಲ್ಲ. ಆದರೂ ಇಟ್ಟರು.

ಸಾಬಣ್ಣನ ಮಾತೂ ಅವನಿಗೇ ತಿರುಗಿಬಿತ್ತು. ಕಲಿಯಲು ಬಂದವರಿಗೆ ಅವನು ಮೊದಲ ದಿನವೇ ಹೇಳಿದ್ದ, ಒಬ್ಬೊಬ್ಬರೇ ಕೂತರೇನೇ ಕೈ ಪಳಗುವುದೆಂದು. ಖರೆ ಮಾತೇ. ಆದರೆ ಪಳಗಿದ ಮೇಲೆ ಯಾರಿಗೂ ಹುಟ್ಟು ಬಿಟ್ಟು ಕೂರುವ ಮನಸ್ಸಿಲ್ಲ. ನೂರಾ ಅರವತ್ತು ಮಂದಿಯಲ್ಲಿ ಅಂಬಿಗರೇ ಎಲ್ಲರೂ, ದಾಟುವವನು ಒಬ್ಬನೂ ಇಲ್ಲ. ಭಾನುವಾರ ಬೆಳಿಗ್ಗೆ ಹೊಳೆಯ ತುಂಬ ಹರಗೋಲು, ಒಂದೊಂದರಲ್ಲೂ ಒಬ್ಬ ಮನುಷ್ಯ, ಒಂದು ಕಲ್ಲು. ಹುಟ್ಟು ಎಷ್ಟು ಉದ್ದ ಇರಬೇಕು, ತೊಗಲಿಗೆ ಯಾವ ಎಣ್ಣೆ, ಸುಳಿ ಹೇಗೆ ಗುರುತಿಸುವುದು, ಎಲ್ಲ ಕೇಳುತ್ತಿದ್ದರು. ಅಜ್ಜಾರ ಆರಾಮದೀರೇನು ಎಂದೂ ಕೇಳುತ್ತಿದ್ದರು. ಆರಾಮ ಎಂದು ಅವನು ಹೇಳಿ ಮುಗಿಸುವಷ್ಟರಲ್ಲಿ ಫೋನು ತೆಗೆದಿರುತ್ತಿದ್ದರು. ಬಿಸಿಲೇರುತ್ತಿದ್ದಂತೆ ಕಾರುಗಳು ಹೊರಟುಹೋಗುತ್ತಿದ್ದವು. ಸಾಬಣ್ಣ ಚಹದ ಖಾಲಿ ಕಪ್ಪುಗಳನ್ನು ಆರಿಸಿ ಒಂದು ಕಡೆ ಹಾಕಿ ಮನೆಗೆ ಹೋಗುತ್ತಿದ್ದ. ಆ ಭಾನುವಾರದ ಮಧ್ಯಾಹ್ನಗಳು ಅವನಿಗೆ ಉಳಿದ ಆರು ದಿನಕ್ಕಿಂತ ಭಾರ. ಅಷ್ಟು ಮಂದಿ ಬಂದು ಹೋದ ಮೇಲೆ ಉಳಿಯುವ ಒಂಟಿತನ ಬೇರೆಯೇ, ಅದು ಮೈಗೆ ಹತ್ತುತ್ತದೆ.

ಒಮ್ಮೆ ಧೈರ್ಯ ಮಾಡಿದ. ಎಲ್ಲರೂ ಹೊರಟಾಗ ಮಾಸ್ತರನನ್ನು ಹಿಡಿದು, ನನ್ನ ಹರಗೋಲಿನಲ್ಲಿ ಒಂದು ಸುತ್ತು ಬರುತ್ತೀರೇನು, ಎದುರಿಗೆ ಕೂಡ್ರಿ ಎಂದು ಕರೆದ. ಮಾಸ್ತರನ ಕಣ್ಣು ತುಂಬಿಬಂತು.

"ಆ ಜಾಗದಾಗ ನಾ ಕುಂದರೋದಾ, ಅಜ್ಜಾರ? ಅಷ್ಟು ದೊಡ್ಡವ ಅಲ್ರಿ ನಾ," ಎಂದು ಕೈಮುಗಿದು, ಬೈಕು ಹತ್ತಿ ಹೋದ.

ಎರಡನೆಯ ವಾರ್ಷಿಕೋತ್ಸವಕ್ಕೆ ಸಣ್ಣದೊಂದು ಪುಸ್ತಕ ತಂದರು. ದಾನೇಶ್ವರಿ ಮೈಕಿನಲ್ಲಿ ಓದಿದಳು. ಸಾಬಣ್ಣ ಶಾಲು ಹೊದ್ದು ವೇದಿಕೆಯ ಮೇಲೆ ಕೂತಿದ್ದ. ಸಂಸಾರದ ಗೊಡವೆಗೆ ಹೋಗದೆ, ಇಡೀ ಬದುಕನ್ನು ಹೊಳೆಗೇ ಮುಡಿಪಿಟ್ಟ ಒಂಟಿ ಸಾಧಕ ಎಂದು ಅದರಲ್ಲಿತ್ತು. ಮನೆಯಲ್ಲಿ ಒಬ್ಬನೇ ಇದ್ದೇನೆಂದು ಅವನು ಎಂದೋ ಹೇಳಿದ್ದನ್ನು ಹಾಗೆ ತಿಳಿದುಕೊಂಡಿದ್ದರು. ಚಪ್ಪಾಳೆ ಬಿತ್ತು. ಮೂವತ್ತೆಂಟು ವರ್ಷ ಎದುರಿಗೆ ಕೂತವಳು ಒಂದೇ ಸಾಲಿನಲ್ಲಿ ಇಲ್ಲವಾಗಿ ಹೋದಳು. ಸಾಬಣ್ಣನ ಮೈ ಉರಿದುಹೋಯಿತು. ಎದ್ದು ನಿಂತು ಹೇಳಬೇಕಿತ್ತು. ಆದರೆ ಹೇಳಿದರೆ ಕಲ್ಲಿನ ಕತೆಯೂ ಬಯಲಾಗುತ್ತದೆ, ಅಷ್ಟು ಮಂದಿ ನಗೆಪಾಟಲಾಗುತ್ತಾರೆ. ನೊಂದುಕೊಂಡು ಭಾನುವಾರ ಬರುವುದನ್ನೇ ಬಿಟ್ಟರೆ? ಇವರೂ ಬಾರದಿದ್ದರೆ ಇನ್ನು ಯಾರು ಬರುತ್ತಾರೆ? ಹೀಗೆ ಲೆಕ್ಕ ಹಾಕಿ ಸುಮ್ಮನೆ ಕೂತ. ಮನೆಗೆ ಬಂದು ತನಗೆ ತಾನೇ ಥೂ ಎಂದುಕೊಂಡ, ಶಾಲನ್ನು ಮೂಲೆಗೆ ಎಸೆದ.

ಈ ವರ್ಷ ಜನವರಿಯಲ್ಲಿ ಹಕ್ಕಿಧಾಮವಾದ ಬೋನಾಳ ಕೆರೆಯಲ್ಲಿ ದೊಡ್ಡ ಕೂಟ ಇಟ್ಟುಕೊಂಡರು. ಹಕ್ಕಿಗಳಿರುವ ಕಡೆ ಯಾರೂ ಹಾಯಬಾರದೆಂದು ಹಗ್ಗ ಕಟ್ಟಿತ್ತು, ಈ ಕಡೆಯ ನೀರಿನಲ್ಲಿ ನಲವತ್ತು ಹರಗೋಲಿಗೆ ಅಪ್ಪಣೆ ಸಿಕ್ಕಿತ್ತು. ಸಾಬಣ್ಣನ ಹರಗೋಲನ್ನೂ ಕಲ್ಲನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದರು. ಅವನದು ಮುಂದಿನ ಹರಗೋಲು. ಅವನು ಹುಟ್ಟು ಹಾಕಿದ ಮೇಲೆಯೇ ಉಳಿದವರು ಹೊರಡಬೇಕು. ಕಲ್ಲಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಅವನಿಗೂ ಅಂಥದೇ ಒಂದು ಹಾರ.

ಅವನು ಇನ್ನೇನು ಹತ್ತಬೇಕು, ದಂಡೆಯ ಮೇಲಿನ ಗುಂಪಿನಿಂದ ಒಂದು ದನಿ ಬಂತು. "ಏ ಸಾಬಣ್ಣ, ನಿಂದ್ರೋ."

ರಂಗಂಪೇಟೆಯ ಹಬೀಬಾ. ಬಳೆ ಮಾರುವವಳು. ಸೇತುವೆ ಬರುವ ಮೊದಲು ವಾರ ತಪ್ಪದೆ ಬಳೆಯ ಮಲಾರ ಹೊತ್ತು ಬಂದು ಆಚೆಯ ಊರುಗಳಿಗೆ ದಾಟುತ್ತಿದ್ದಳು. ಮೋನಮ್ಮನ ಪಕ್ಕಕ್ಕೇ ಕೂರುವುದು, ಇಬ್ಬರೂ ಸೇರಿದರೆ ಹೊಳೆಯ ಸಪ್ಪಳವೂ ಕೇಳುತ್ತಿರಲಿಲ್ಲ. ಸೇತುವೆ ಬಂದ ಮೇಲಿನ ಆರು ವರ್ಷದಲ್ಲಿ ಪೂರಾ ಸೊರಗಿ, ಬೆನ್ನು ಬಾಗಿ ಸಣ್ಣಗಾಗಿದ್ದಳು. ಕೂಟಕ್ಕೆ ಹೆಣ್ಣುಮಕ್ಕಳು ಬರುತ್ತಾರೆಂದು ಸಣ್ಣದೊಂದು ಗಂಟು ಕಟ್ಟಿಕೊಂಡು ಬಂದವಳು ಸಾಬಣ್ಣನ ಹರಗೋಲು ಕಂಡು ವ್ಯಾಪಾರ ಬಿಟ್ಟು ಇಳಿದು ಬಂದಿದ್ದಳು. ಯಾರನ್ನೂ ಕೇಳದೆ ಸೀರೆ ಎತ್ತಿ ಕಟ್ಟಿ, ಒಂದು ಕಾಲು ಹರಗೋಲಿನ ಅಂಚಿಗಿಟ್ಟಳು.

ದಾನೇಶ್ವರಿ ಸೀಟಿ ಊದಿದಳು. ಓಡಿ ಬಂದು, ಬಹಳ ಮರ್ಯಾದೆಯಿಂದಲೇ, ಈ ಹರಗೋಲಿನಲ್ಲಿ ಯಾರೂ ಕೂರುವಂತಿಲ್ಲ, ಅದು ದೇವರ ಜಾಗ, ಬೇರೆ ಫೈಬರ್ ದೋಣಿ ಇದೆ, ಅದರಲ್ಲಿ ಕಳಿಸುತ್ತೇವೆ ಎಂದು ತಿಳಿಹೇಳಿದಳು. ಹಬೀಬಾ ಕಲ್ಲು ನೋಡಿದಳು, ಹಾರ ನೋಡಿದಳು, ಸಾಬಣ್ಣನ ಮುಖ ನೋಡಿದಳು. ಅವಳಿಗೆ ಏನೂ ತಿಳಿಯಲಿಲ್ಲ. ಇಷ್ಟು ಜನರ ಮುಂದೆ ತಪ್ಪು ಮಾಡಿದವಳ ಹಾಗೆ ನಾಚಿ, ಇಟ್ಟ ಕಾಲು ತೆಗೆದಳು. ಮಾಸ್ತರ ನಗುತ್ತ ಸಾಬಣ್ಣನ ಕಡೆ ತಿರುಗಿದ. ಅಜ್ಜಾರು ಒಂದು ಮಾತು ಹೇಳಿದರೆ ಅಮ್ಮನಿಗೆ ಸಮಾಧಾನ ಆಗುತ್ತದೆ ಎಂದ.

ನಲವತ್ತು ಹರಗೋಲು ಕಾಯುತ್ತಿದ್ದವು. ಹೌದವ್ವ ಎಂದರೆ ಮುಗಿಯಿತು, ಎಲ್ಲರಿಗೂ ಸುಲಭ. ಹಬೀಬಾ ಆಗಲೇ ಗಂಟು ಹೆಗಲಿಗೇರಿಸಿ ಎರಡು ಹೆಜ್ಜೆ ಹೋಗಿದ್ದಳು. ಆ ಬಾಗಿದ ಬೆನ್ನು ನೋಡಿದ್ದೇ ಸಾಬಣ್ಣನಿಗೆ ಭಯವಾಯಿತು. ಇವಳೂ ಹೋದರೆ ಮೋನಮ್ಮನನ್ನು ಬಲ್ಲವರು ಈ ಕೆರೆಯ ದಂಡೆಯಲ್ಲಿ ಇನ್ನೊಬ್ಬರಿಲ್ಲ. ಅವನು ಬಗ್ಗಿ ಹುಟ್ಟು ಎತ್ತಿಕೊಂಡ.

"ಹಬೀಬಕ್ಕ, ನಿಂದ್ರು," ಎಂದ. ಆಮೇಲೆ ಮಾಸ್ತರನಿಗೆ ಹೇಳಿದ, "ಸರ, ಅದು ದೇವರಲ್ರಿ. ತೂಕಕ್ಕ ಇಟ್ಟ ಕಲ್ಲು. ಕುಂದ್ರಾಕ ಮಂದಿ ಇಲ್ಲಂತ ಇಟ್ಟಿದ್ದೆ. ಈಗ ಮಂದಿ ಬಂದಾರ, ತೆಗಿರಿ ಅದನ್ನ."

ಮಾಸ್ತರನ ಮುಖದ ನಗೆ ಇಂಗಿಹೋಯಿತು. ಅವನು ತನ್ನ ಹರಗೋಲಿನ ಕಲ್ಲು ನೋಡಿದ, ಅದರಾಚೆಯ ಹರಗೋಲಿನ ಕಲ್ಲು ನೋಡಿದ, ಹಾಗೇ ಸಾಲಾಗಿ ಕೊನೆಯವರೆಗೂ ನೋಡುತ್ತ ನಿಂತುಬಿಟ್ಟ. ಅವನಿಗೆ ನೋವಾಯಿತೆಂದು ಸಾಬಣ್ಣನಿಗೆ ಕೆಡುಕೆನಿಸಿತು, ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಜೈಭೀಮ ಪ್ಯಾಂಟು ಮಡಚಿ ನೀರಿಗಿಳಿದ. ಹಾರ ತೆಗೆದು ಪಕ್ಕಕ್ಕಿಟ್ಟು, ಕಲ್ಲನ್ನು ಅಂಚಿನ ಮೇಲಿನಿಂದ ಉರುಳಿಸಿ ದಂಡೆಗೆ ಹಾಕಿದ. ಹಬೀಬಾಳ ಕೈಹಿಡಿದು ಹತ್ತಿಸಿದವನೂ ಅವನೇ.

ಹರಗೋಲು ಹೊರಟಿತು. ಹಬೀಬಾಳ ತೂಕ ಸಾಲದೆ ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಿತ್ತು. ಮುಂದಕ್ಕೆ ಸರಿ, ಹಿಂದಕ್ಕೆ ಆತುಕೋ ಎಂದು ಸಾಬಣ್ಣ ಹೇಳಬೇಕಾಯಿತು. ಅವಳು ಹೇಳಿದಂತೆ ಮಾಡುತ್ತಲೇ ಮಾತು ಹಚ್ಚಿದಳು. ಬಸ್ಸಿನಲ್ಲಿ ತಿರುಗಿ ಬಳೆ ಮಾರುವುದು ಸುಖವಿಲ್ಲ, ಪಕ್ಕದಲ್ಲಿ ಕೂತವರು ಫೋನು ನೋಡುತ್ತಾರೆ, ಮಂಡಿಯಲ್ಲಿ ನೀರು ತುಂಬಿದೆ, ಹಿರೀ ಸೊಸೆ ಬೆಂಕಿ. ದಂಡೆಯ ಗದ್ದಲ ಹಿಂದೆ ಉಳಿಯಿತು. ಹಬೀಬಾ ಗಂಟು ಬಿಚ್ಚಿ, ಹಳೇ ಪೇಪರಿನಲ್ಲಿ ಸುತ್ತಿದ ಒಂದು ಡಜನ್ ಹಸಿರು ಬಳೆ ಮೇಲೆ ಎತ್ತಿಟ್ಟಳು.

"ಮೋನಿ ಎಲ್ಲಿ ಕುಂತಾಳ? ಗದ್ದಲದಾಗ ಕಾಣವಲ್ಲಳು," ಎಂದಳು. "ಹರಗೋಲಿನ ಕೂಟ ಅಂದ್ರ ಬಂದೇ ಬರತಾಳಂತ ಆಕಿ ಅಳತಿದು ತಂದೀನಿ. ಅಂಥಾ ದಪ್ಪ ಕೈ ಯಾರದೂ ಇಲ್ಲ ಈ ಕಡಿ."

ಸಾಬಣ್ಣನ ಕೈ ನಿಂತಿತು. ಹುಟ್ಟು ನಿಂತ ಕೂಡಲೇ ಹರಗೋಲು ಮೆಲ್ಲಗೆ ತಿರುಗತೊಡಗಿತು.

"ಹೋದಳು, ಅಕ್ಕ. ಮೂರು ವರ್ಷ ಆತು."

ಹಬೀಬಾ ಅಳಲಿಲ್ಲ, ಮೊದಲು ಸಿಟ್ಟಾದಳು. ನನಗೆ ಯಾಕೆ ತಿಳಿಸಲಿಲ್ಲ, ರಂಗಂಪೇಟೆ ಏನು ದಿಲ್ಲಿಯೇ, ಒಂದು ಫೋನು ಹಚ್ಚಿಸಲು ನಿನಗೆ ಯಾರೂ ಸಿಗಲಿಲ್ಲವೇ ಎಂದು ಬಾಯಿಗೆ ಬಂದಂತೆ ಬೈದಳು. ಸಾಬಣ್ಣ ತಲೆ ತಗ್ಗಿಸಿ ಬೈಸಿಕೊಂಡ. ಮೂರು ವರ್ಷದಲ್ಲಿ ಅವನನ್ನು ಯಾರೂ ಬೈದಿರಲಿಲ್ಲ. ಎಲ್ಲರೂ ಕೈಮುಗಿದವರೇ. ಅವಳ ಬೈಗುಳ ಕೇಳುತ್ತ ಕೇಳುತ್ತ ಅವನು ತಲೆ ಎತ್ತಿದ. ಬೈದು ದಣಿದ ಮೇಲೆ ಹಬೀಬಾ ಸೆರಗಿನಿಂದ ಮೂಗು ಒರೆಸಿಕೊಂಡು, ಬಳೆಗಾರ್ತಿ ಕೇಳುವ ಮಾತನ್ನೇ ಕೇಳಿದಳು.

"ಹೋಗುವಾಗ ಕೈತುಂಬ ಬಳಿ ಇದ್ವಾ?"

"ಇದ್ವು. ಎಡಗೈಯಾಗಿನವು ಮೂರು ಒಡದಿದ್ವು. ಬಿದ್ದಾಗ."

"ಎಲ್ಲಿ ಬಿದ್ದಳು? ನೀ ಎಲ್ಲಿದ್ದಿ?"

"ಇದನ್ನ ಯಾರೂ ಕೇಳಿಲ್ಲ, ಅಕ್ಕ," ಎಂದ ಸಾಬಣ್ಣ.

"ನಾ ಕೇಳಾಕತ್ತೀನಿ. ಹೇಳು."

ದಂಡೆಯಲ್ಲಿ ದಾನೇಶ್ವರಿ ಸೀಟಿ ಊದುತ್ತಿದ್ದಳು, ಮುಂದಿನ ಹರಗೋಲು ಸಾಗದೆ ಹಿಂದಿನವರು ನಿಂತಲ್ಲೇ ನಿಂತಿದ್ದರು. ಸಾಬಣ್ಣ ಹುಟ್ಟನ್ನು ಎತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಹಬೀಬಾ ಮಂಡಿ ನೋವು ನುಂಗಿಕೊಂಡು ಅವನ ಕಡೆಗೆ ಸರಿದು ಕೂತಳು.

"ಜ್ವಾಳ ಹಸನ ಮಾಡಾಕತ್ತಿದ್ಲು," ಎಂದು ಸಾಬಣ್ಣ ಸುರುಮಾಡಿದ. "ನಾ ಹೊರಗ ಕುಂತು ಹುಟ್ಟು ಕೆತ್ತಾಕತ್ತಿದ್ದೆ. ಒಳಗಿಂದ ಏನೋ ಅಂದ್ಲು, ನನಗ ಸರಿ ಕೇಳಲಿಲ್ಲ. ಹೂಂ ಅಂದೆ. ಏನಂದಿ ಅಂತ ಎದ್ದು ಹೋಗಿ ಕೇಳಲಿಲ್ಲ, ಅಕ್ಕ. ಹೂಂ ಅಂದು ಸುಮ್ಮನ ಕುಂತೆ."